ಹಗೇವಿಗೆ ಇಳಿಸಿದ ಬಿಳಿಗಲ್ಲು

ಜೋಳ ತುಂಬಿಡುವ ನೆಲದಡಿಯ ಹಗೇವಿಗೆ ಇಳಿದ ಗೈಬುಸಾಬ ಜೀವಂತ ಮೇಲೆ ಬರಲಿಲ್ಲ. ಬಾಯಿಯ ಚಪ್ಪಡಿ ತೆಗೆದು ಒಂದು ದಿನ ಬಿಟ್ಟೇ ಇಳಿದಿದ್ದ. ಅದು 1959ರಲ್ಲಿ, ಕನ್ನೊಳ್ಳಿಯಲ್ಲಿ. ಅವನ ತಮ್ಮ ಅಬ್ದುಲರಜಾಕ ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅಣ್ಣನನ್ನು ಮಣ್ಣು ಮಾಡಿ ಬಂದ ಮೇಲೆ ಅವನಿಗೆ ಒಂದೇ ಚಿಂತೆ: ತಳದಲ್ಲಿ ಮಡುಗಟ್ಟುವ ಇಂಗಾಲದ ಡೈಆಕ್ಸೈಡನ್ನು ತೆಗೆಯುವುದು ಹೇಗೆ?

ಬಾವಿ ತೋಡುವವರು ಕರಿಗಲ್ಲು ಒಡೆದಾಗ ಅದರ ಪೊಟರೆಗಳಲ್ಲಿ ಬಿಳಿ ಹರಳು ಸಿಗುತ್ತಿತ್ತು. ಜಿಯೊಲೈಟ್. ಕಣ್ಣಿಗೆ ಕಾಣದ ತೂತುಗಳೇ ತುಂಬಿದ ಕಲ್ಲು. ಚೆನ್ನಾಗಿ ಕಾಯಿಸಿ ಒಳಗಿನ ನೀರು ಹಾರಿಸಿದರೆ ಖಾಲಿಯಾದ ತೂತುಗಳು ಆ ಕೆಟ್ಟ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂದು ಅವನು ಧಾರವಾಡದಲ್ಲಿ ಓದಿದ್ದ. ಮೂರು ವರ್ಷ ಸೈಕಲ್ಲಿನ ಮೇಲೆ ಚೀಲಗಟ್ಟಲೆ ಹರಳು ತಂದು ಕುಟ್ಟಿದ, ಕಾಯಿಸಿದ.

1962ರ ಬೇಸಿಗೆಯಲ್ಲಿ ಕನ್ನೊಳ್ಳಿಯ ಶ್ರೀಶೈಲಪ್ಪ ಗೌಡರು ತಮ್ಮ ಹಗೇವಿನಲ್ಲೇ ಪರೀಕ್ಷೆ ಮಾಡಲು ಒಪ್ಪಿದರು. ಮಾಸ್ತರ ರಬ್ಬರ್ ನಳಿಗೆಯಿಂದ ಒಳಗಿನ ಗಾಳಿಯನ್ನು ಎಳೆದು ಸುಣ್ಣದ ತಿಳಿನೀರಿನಲ್ಲಿ ಹಾಯಿಸಿದ. ನೀರು ಹಾಲಿನಂತಾಯಿತು, ಅಂದರೆ ಒಳಗೆ ಕೆಟ್ಟ ಗಾಳಿ ಇತ್ತು. ಕಾಯಿಸಿದ ಕಲ್ಲಿನ ಬುಟ್ಟಿಗಳನ್ನು ಇಳಿಸಿ ಬಾಯಿ ಮುಚ್ಚಿಸಿದ. ಎರಡನೆಯ ದಿನ ಮತ್ತೆ ನೋಡಿದಾಗ ನೀರು ತಿಳಿಯಾಗಿಯೇ ಉಳಿಯಿತು. ಮಾಸ್ತರನ ಕಣ್ಣು ತುಂಬಿ ಬಂತು.

"ಒಮ್ಮೆ ಕಂದೀಲ ಬಿಟ್ಟ ನೋಡೂಣೇನ್ರಿ?" ಎಂದರು ಗೌಡರು.

"ಬ್ಯಾಡ್ರಿ ಗೌಡ್ರ. ಕಂದೀಲಕ್ಕಿಂತ ಈ ನೀರ ಖಾತ್ರಿ."

ಜೋಳ ತೆಗೆಯುವ ಮಡಿವಾಳಪ್ಪ ತಲೆಗೆ ವಸ್ತ್ರ ಸುತ್ತಿಕೊಂಡು ಕೇಳಿದ, "ಇಳೀಲೇನ್ರಿ ಮಾಸ್ತರ?"

"ಇಳಿಯಪಾ. ಏನೂ ಆಗಂಗಿಲ್ಲ."

ಆ ಮಾತು ನಂಬಿ ಅವನು ಸೊಂಟಕ್ಕೆ ಹಗ್ಗವನ್ನೂ ಕಟ್ಟಿಕೊಳ್ಳಲಿಲ್ಲ. ತಳ ಮುಟ್ಟಿ ಒಂದು ಬುಟ್ಟಿ ತುಂಬುವಷ್ಟರಲ್ಲಿ ಕುಸಿದ. ಗೌಡರು ಕಂದೀಲು ಇಳಿಬಿಟ್ಟರು, ಅರ್ಧದಲ್ಲೇ ಆರಿತು. ಮಾಸ್ತರನಿಗೆ ಆಗ ಹೊಳೆಯಿತು. ಕಲ್ಲು ಕೆಟ್ಟ ಗಾಳಿಯನ್ನು ಹಿಡಿದಿತ್ತು, ಸುಳ್ಳಲ್ಲ. ಆದರೆ ತಿಂಗಳುಗಟ್ಟಲೆ ಮುಚ್ಚಿದ್ದ ಜೋಳ ಆಮ್ಲಜನಕವನ್ನೂ ಎಳೆದು ಮುಗಿಸಿತ್ತು. ಅದನ್ನು ಯಾವ ಕಲ್ಲೂ ತಿರುಗಿ ಕೊಡುವುದಿಲ್ಲ. ತಾನೂ ಇಳಿಯಲು ಹೋದವನನ್ನು ನಾಲ್ಕು ಜನ ಹಿಡಿದು ನಿಲ್ಲಿಸಿದರು. ಕೊಕ್ಕೆ ಹಾಕಿ ಎತ್ತುವ ಹೊತ್ತಿಗೆ ಮಡಿವಾಳಪ್ಪನ ಉಸಿರು ನಿಂತಿತ್ತು.

ಮೂರನೆಯ ದಿನ ಮಾಸ್ತರ ಮಡಿವಾಳಪ್ಪನ ಮನೆಗೆ ಹೋದ. ಹೆಂಡತಿ ರೇವವ್ವ ಬಾಗಿಲಲ್ಲಿ ಕೂತಿದ್ದಳು.

"ತಪ್ಪ ನಂದ ಐತಿ, ರೇವವ್ವ. ಅರ್ಧಾನ ಪರೀಕ್ಷಾ ಮಾಡಿ ಇಳಿ ಅಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ಅಣ್ಣಾರು ಸತ್ತಾಗ ನಾನೂ ಬಂದು ಅತ್ತಿದ್ನಿರಿ, ಮಾಸ್ತರ. ನೀವು ಈಗ ಅಳಬ್ಯಾಡ್ರಿ. ಹೋಗ್ರಿ."

ಅವನು ಹೋದ. ಮುಂದೆ ಪ್ರತಿ ಬೇಸಿಗೆ ಲಚ್ಯಾಣದ ಕಡೆಯ ಹಳ್ಳಿಗಳಲ್ಲೆಲ್ಲ ತಿರುಗಿ, ದೀಪ ಉರಿಯದ ಹಗೇವಿಗೆ ಇಳಿಯಬೇಡಿ ಎಂದು ಹೇಳಿದ. ತನ್ನಿಂದ ಒಬ್ಬ ಸತ್ತನೆಂಬುದನ್ನು ಎಲ್ಲಿಯೂ ಮುಚ್ಚಿಡಲಿಲ್ಲ. ಕನ್ನೊಳ್ಳಿಯಲ್ಲಿ ಮಾತ್ರ ಬಸ್ಸು ನಿಂತರೂ ಅವನು ಇಳಿಯುತ್ತಿರಲಿಲ್ಲ.