ಚವಳು ಮಣ್ಣಿನ ಮಾಳಿಗೆ

ಮದುವೆಯಾದ ವರ್ಷ ಜಯಶ್ರೀ ಮತ್ತು ಭೀಮರಾಜ ಕುರುಗೋಡಿನಲ್ಲಿ ಬಾಡಿಗೆ ಮನೆ ಹುಡುಕಿದರು. ಜಯಶ್ರೀಗೆ ಬಳ್ಳಾರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ದಿನಾ ಬಸ್ಸಿಗೆ ಹೋಗಿ ಬರುವವಳು. ಭೀಮರಾಜ ಸೆಂಟ್ರಿಂಗ್ ಮೇಸ್ತ್ರಿ. ಊರಾಚೆಯ ಹೊಸ ಲೇಔಟಿನಲ್ಲಿ ಅರ್ಧ ಮನೆಗಳ ಸ್ಲ್ಯಾಬು ಹಾಕಿದ್ದು ಅವನೇ. ಅಲ್ಲಿ ತಮಗೊಂದು ಮನೆ ಸಿಗುವುದು ಏನು ಮಹಾ ಅಂತ ಇಬ್ಬರೂ ಅಂದುಕೊಂಡಿದ್ದರು.

ಮೊದಲ ಮನೆಯವರು ಕೂರಿಸಿ ಮಾತಾಡಿಸಿದರು. ಆಮೇಲೆ, "ನೀವು ಯಾವ ಪೈಕಿ?" ಅಂದರು. ಭೀಮರಾಜ ಮುಚ್ಚಿಡದೆ ಹೇಳಿದ. ಅವರಿಗೆ ಆಗಲೇ ನೆನಪಾಯಿತು, ಆ ಮನೆಗೆ ಅಳಿಯ ಬರುವವನಿದ್ದಾನೆ ಅಂತ. ಎರಡನೇ ಮನೆಯವರಿಗೂ ಅಳಿಯ ಬರುವವನಿದ್ದ. ಮೂರನೆಯವರಿಗೆ ಹೆಣ್ಣುಮಕ್ಕಳೇ ಇರಲಿಲ್ಲ, ಆದರೂ ಅಳಿಯ ಬರುವವನಿದ್ದ.

ಹೊರಗೆ ಬಂದ ಭೀಮರಾಜ ಒಮ್ಮೆ ತಿರುಗಿ ಮೇಲೆ ನೋಡಿದ. ಆ ಮನೆಯ ಸ್ಲ್ಯಾಬಿಗೆ ಬಿಸಿಲಲ್ಲಿ ನಿಂತು ನೀರು ಹೊಡೆದವನು ಅವನು. ಜಯಶ್ರೀ ಅವನ ಮುಖ ನೋಡಿದಳು.

"ನಡಿ," ಅಂದಳು, "ಯಾವ ಅಳಿಯನೂ ಕಾಲಿಡದಂಥ ಮನಿ ಹುಡುಕೋಣ."

ಅಂಥ ಮನೆ ಹಳೇ ಊರಿನ ಬಾವಿ ಓಣಿಯಲ್ಲಿತ್ತು. ಓಣಿಯ ಮಂದಿಯೆಲ್ಲ ಲೇಔಟಿಗೋ ಬಳ್ಳಾರಿಗೋ ಹೋಗಿ, ಮೂರು ಮನೆಗಳಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಈ ಮನೆಗೆ ಕಲ್ಲಿನ ಕಟ್ಟೆ, ತೇಗದ ಬಾಗಿಲು, ಒಳಗೆ ದೊಡ್ಡ ಪಡಸಾಲೆ. ಗೋಡೆಯ ಸಂದಿನಲ್ಲಿ ಅರಳಿ ಗಿಡ ಎದ್ದಿತ್ತು. ಮಣ್ಣಿನ ಮಾಳಿಗೆ ಕುಸಿದು ಒಂದು ಕಡೆ ಆಕಾಶ ಕಾಣುತ್ತಿತ್ತು.

ಮನೆಯ ಯಜಮಾನ ದೊಡ್ಡಬಸವರಾಜ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ. ಒಂದು ಭಾನುವಾರ ಗಂಡ ಹೆಂಡತಿ ಅಲ್ಲಿಗೇ ಹೋದರು. ಗಿರಣಿಯ ಸದ್ದಿಗೆ ಎಲ್ಲ ಮಾತೂ ಕೂಗಿಯೇ ಆಡಬೇಕಿತ್ತು.

"ಆ ಮನಿಯಾಗ ಬಾವಲಿ ಅದಾವು!" ಅಂತ ದೊಡ್ಡಬಸವರಾಜ ಕೂಗಿದ.

"ನೋಡೀವ್ರೀ!" ಅಂತ ಜಯಶ್ರೀಯೂ ಕೂಗಿದಳು. "ರಿಪೇರಿ ನಾವ ಮಾಡ್ಕೊಂತೀವಿ. ಬಾಡಿಗಿ ಮಾತ್ರ ಕೇಳಬ್ಯಾಡ್ರಿ!"

ಅವನು ಹೊಟ್ಟೆ ಕುಲುಕಿಸಿ ನಕ್ಕು ಬೀಗದ ಕೈ ತೆಗೆದುಕೊಟ್ಟ. ಯಾವ ಪೈಕಿ ಅಂತ ಕೇಳಲಿಲ್ಲ. ಬಾವಲಿಗಳ ಜೊತೆ ಸಂಸಾರ ಹೂಡಲು ಹೊರಟವರನ್ನು ಯಾರು ತಾನೇ ಏನಂತ ಕೇಳುತ್ತಾರೆ?

ಕೆಲಸ ಶುರುವಾಯಿತು. ಭೀಮರಾಜ ಬೇರೆಯವರ ಮನೆ ಕಟ್ಟಿ ಬಂದು ಸಂಜೆ ತನ್ನ ಮನೆಗೆ ಕೈ ಹಾಕುತ್ತಿದ್ದ. ಜಯಶ್ರೀ ಬಸ್ಸಿಳಿದವಳೇ ಸೆರಗು ಬಿಗಿದು ಕಲ್ಲು ಹೊರುತ್ತಿದ್ದಳು. ಎದುರು ಮನೆಯ ಚನ್ನಬಸಮ್ಮ ತನ್ನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ಎಪ್ಪತ್ತು ದಾಟಿತ್ತು. ಮಗ ಸೊಸೆ ಬೆಳಿಗ್ಗೆ ಹೊಲಕ್ಕೆ ಹೋದರೆ ಸಂಜೆಯ ತನಕ ಮಾತಿಗೆ ಜನ ಇರಲಿಲ್ಲ. ಈಗ ಕಣ್ಣೆದುರಿಗೇ ದಿನಾ ಹೊಸ ಆಟ.

"ಏ ತಮ್ಮಾ, ಆ ತೊಲಿ ಡೊಂಕಾತು ನೋಡು! ಹುಡುಗೀ, ಬುಟ್ಟಿ ಹಂಗ ಹಿಡೀತಾರೇನು, ಸೊಂಟಕ್ಕ ಇಟ್ಕೋ!"

ಮಾತಿಗೆ ಬಡತನವಿರಲಿಲ್ಲ. ಆದರೆ ಜಯಶ್ರೀ ಒಂದು ಸಲ ಚಹಾ ಒಯ್ದು ಕೊಡಲು ಹೋದಾಗ ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡು, "ನಾ ಈಗಷ್ಟ ಕುಡಿದೆವ್ವಾ," ಅಂದಳು. ಮರುದಿನವೂ ಅದೇ ಮಾತು. ಜಯಶ್ರೀ ಮತ್ತೆ ಒಯ್ಯಲಿಲ್ಲ.

ಮಾಳಿಗೆಗೆ ಸಿಮೆಂಟು ಸುರಿದುಬಿಡೋಣ ಅಂದ ಭೀಮರಾಜ. ಆದರೆ ಹಳೇ ತೊಲೆ ಜಂತಿಗಳು ಆ ಭಾರ ತಡೆಯುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಮಣ್ಣೇ ಹಾಕಬೇಕು, ಹೇಗೆ ಹಾಕಬೇಕೆಂದು ತಿಳಿಯದು. ಚನ್ನಬಸಮ್ಮ ಎದುರಿನಿಂದಲೇ ಅಪ್ಪಣೆ ಕೊಡಿಸಿದಳು.

"ಹೊಲದ ಬದುವಿನಾಗ ಬೆಳ್ಳಗ ಉಪ್ಪು ಬಿಟ್ಟಿರತೈತಲ್ಲ, ಆ ಚವಳು ಮಣ್ಣು ತರ್ರಿ. ಕೆಳಗ ಚವಳು, ಮ್ಯಾಲೆ ಕೆಮ್ಮಣ್ಣು. ನಮ್ಮ ಮಾವ ಹಂಗ ಹಾಕ್ತಿದ್ದ. ಒಂದು ಹನಿ ಇಳೀತಿದ್ದಿಲ್ಲ."

ಹಾಗೇ ಮಾಡಿದರು. ಕೆಳಗೆ ಚವಳು, ಮೇಲೆ ಕೆಮ್ಮಣ್ಣು, ಬಡಿದು ಗಟ್ಟಿ ಮಾಡಿ, ಗೋಡೆಗೆ ಸುಣ್ಣ ಹೊಡೆದು, ಸಾಮಾನು ತಂದು ಒಕ್ಕಲಾದರು. ಪಡಸಾಲೆಯ ಗೂಡಿನಲ್ಲಿ ಜಯಶ್ರೀ ತವರಿನಿಂದ ತಂದ ಬುದ್ಧನ ಪಟ ಇಟ್ಟಳು.

ಜೂನಿನ ಒಂದು ಭಾನುವಾರ ಮಧ್ಯಾಹ್ನ ಗುಡ್ಡದ ಕಡೆಯಿಂದ ಮಳೆ ಬಂತು. ಮೊದಲು ಒಲೆಯ ಮೇಲೆ ಒಂದು ಹನಿ ಬಿತ್ತು. ಜಯಶ್ರೀ ಪಾತ್ರೆ ಇಟ್ಟಳು. ಆಮೇಲೆ ಮಂಚದ ಮೇಲೆ ಬಿತ್ತು, ಬಕೆಟ್ಟು ಬಂತು. ಸ್ವಲ್ಪ ಹೊತ್ತಿಗೆ ಮನೆಯಲ್ಲಿದ್ದ ಚೊಂಬು, ತಟ್ಟೆ, ಒಗ್ಗರಣೆ ಸೌಟು ಕೂಡ ಹನಿ ಹಿಡಿಯುತ್ತಿದ್ದವು. ಕೆಂಪು ನೀರು ಹೊಸ ಸುಣ್ಣದ ಗೋಡೆಯ ಮೇಲೆ ಗೆರೆ ಎಳೆಯಿತು. ಗಂಡ ಹೆಂಡತಿ ಹಾಸಿಗೆ ಹೊತ್ತುಕೊಂಡು ಕಟ್ಟೆಗೆ ಬಂದರೆ, ಕಟ್ಟೆಯ ಮೇಲೂ ಇರಿಚಲು.

ಎದುರು ಮನೆಯ ಬಾಗಿಲಲ್ಲಿ ಚನ್ನಬಸಮ್ಮ ನಿಂತಿದ್ದಳು. ಮುಖ ಸಣ್ಣದಾಗಿತ್ತು.

"ತಮ್ಮಾ," ಅಂತ ಕೂಗಿದಳು, "ಮ್ಯಾಲೆ ಚವಳು, ಕೆಳಗ ಕೆಮ್ಮಣ್ಣು ಇತ್ತೋ ಏನೋ!"

ಭೀಮರಾಜ ಹಾಸಿಗೆ ತಲೆಯ ಮೇಲೆ ಹೊತ್ತವನು ಹಾಗೇ ನಿಂತುಬಿಟ್ಟ. "ಏನಂದಿ ಆಯಿ?"

"ನಾನೇನು ಮಾಳಿಗಿ ಹತ್ತಿದಾಕೀನ? ಕೆಳಗ ನಿಂತು ಬುಟ್ಟಿ ಕೊಟ್ಟಾಕಿ!"

ಜಯಶ್ರೀಗೆ ಮೊದಲು ಸಿಟ್ಟು ಬಂತು, ಹಿಂದೆಯೇ ನಗು. ತಡೆಯಲಾಗದೆ ಮಳೆಯಲ್ಲೇ ನಿಂತು ನಗತೊಡಗಿದಳು. ಭೀಮರಾಜನೂ ನಕ್ಕ. ಚನ್ನಬಸಮ್ಮನಿಗೆ ಮಾತ್ರ ಅವರ ನಗು ಸಹಿಸಲಾಗಲಿಲ್ಲ, ಬೈದಿದ್ದರೇ ಚೆಂದವಿತ್ತು.

"ಹಲ್ಲು ಕಿರ್‍ಕೊಂಡು ಯಾಕ ತೊಯ್ಸಿಕೊಂತೀರಿ? ಒಳಗ ಬರ್ರಿ!" ಅಂದಳು.

ಇಬ್ಬರೂ ಮುಖ ಮುಖ ನೋಡಿಕೊಂಡರು.

"ಬರ್ರಿ ಅಂದೆ. ಹಾಸಿಗಿ ಹಸಿ ಆದ್ರ ಒಣಗ್ಸಾಕ ನಿಮ್ಮಪ್ಪ ಬರ್ತಾನೇನು?"

ಹಾಸಿಗೆ ಹೋಯಿತು, ಬಟ್ಟೆಯ ಪೆಟ್ಟಿಗೆ ಹೋಯಿತು. ಕೊನೆಗೆ ಜಯಶ್ರೀ ಎದೆಗವಚಿಕೊಂಡು ಬುದ್ಧನ ಪಟ ತಂದಳು. ಎಲ್ಲಿಡಬೇಕೆಂದು ತಿಳಿಯದೆ ಹೊಸ್ತಿಲಲ್ಲಿ ನಿಂತಳು. ಮುದುಕಿ ಪಟ ಇಸಕೊಂಡು, ಸೆರಗಿನಿಂದ ಕೆಮ್ಮಣ್ಣು ಒರೆಸಿ, ಜಗಲಿಯ ಮೇಲಿದ್ದ ಬಸವಣ್ಣನನ್ನು ಸ್ವಲ್ಪ ಸರಿಸಿ ಇಟ್ಟಳು. "ಇಲ್ಲಿ ಸೋರಂಗಿಲ್ಲ," ಅಂದಳು. ಆಮೇಲೆ, "ಒಲಿ ಅಲ್ಲೈತಿ. ಚಾ ಮಾಡವ್ವಾ, ನನಗೂ ಚಳಿ ಹತ್ತೈತಿ."

ಜಯಶ್ರೀ ಚಹಾ ಮಾಡಿದಳು. ಮುದುಕಿ ಕುಡಿದು, ಸಕ್ಕರೆ ಕಡಿಮೆ ಅಂದಳು.

ಮಳೆ ನಿಂತ ಮೇಲೆ ಭೀಮರಾಜ ಮಾಳಿಗೆ ಹತ್ತಿದ. ಒಂದು ಮೂಲೆಯಲ್ಲಿ ಕೆಮ್ಮಣ್ಣು ಕೊಚ್ಚಿಹೋಗಿ ಚವಳು ತೇಲಿತ್ತು. ಅಲ್ಲಿ ಮಾತ್ರ ನೀರು ಇಂಗಿರಲಿಲ್ಲ, ಕೆಸುವಿನ ಎಲೆಯ ಮೇಲಿನಂತೆ ಉರುಳಿ ಹೋಗುತ್ತಿತ್ತು. ಅವನು ಅದನ್ನು ಕೈಯಿಂದ ಮುಟ್ಟಿ ನೋಡಿದ. ಮುಂದಿನ ವಾರ ಮಾಳಿಗೆ ಪೂರಾ ತೆಗೆದು, ಕೆಮ್ಮಣ್ಣು ಕೆಳಗೆ, ಚವಳು ಮೇಲೆ ಮಾಡಿ ಮತ್ತೆ ಹಾಕಿದರು. ಈ ಸಲ ಚನ್ನಬಸಮ್ಮನ ಮಗ ಸೊಸೆಯೂ ಬುಟ್ಟಿ ಹಿಡಿದರು. ಮುದುಕಿ ಆವತ್ತು ಸಲಹೆ ಕೊಡದೆ, ಎಲ್ಲರಿಗೂ ಮಂಡಕ್ಕಿ ವಗ್ಗಾಣಿ, ಮಿರ್ಚಿ ಮಾಡಿ ಹಾಕಿದಳು. ಆ ಮಳೆಗಾಲದಲ್ಲಿ ಮತ್ತೆ ಒಂದು ಹನಿಯೂ ಇಳಿಯಲಿಲ್ಲ.

ಓಣಿಯಲ್ಲಿ ಎರಡನೇ ಪಾಳು ಮನೆಯ ಬಾಗಿಲು ತೆರೆಯಲು ಕಾರಣ ಶಾಂಭವಿ. ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಹೊಲಿಯುವವಳು, ಜಯಶ್ರೀಯ ಬಸ್ಸಿನ ಗೆಳತಿ. ಊರಲ್ಲೇ ನಾಲ್ಕು ಮಿಷಿನ್ನು ಹಾಕಿಕೊಂಡು ಹೊಲಿಗೆ ಹಿಡಿಯಬೇಕೆಂಬ ಆಸೆ ಅವಳಿಗೆ, ಜಾಗವಿರಲಿಲ್ಲ. ಜಯಶ್ರೀ ಅವಳನ್ನು ಓಣಿಗೆ ಕರೆತಂದು ಪಕ್ಕದ ಪಾಳು ಮನೆ ತೋರಿಸಿದಳು. ಅದರ ಯಜಮಾನರು ಆದೋನಿಯಲ್ಲಿದ್ದರು. ಚನ್ನಬಸಮ್ಮ ಮಗನ ಫೋನಿನಿಂದ ತೆಲುಗಿನಲ್ಲಿ ಅವರನ್ನು ದಿನಾ ಮಾತಾಡಿಸಿ, ಮಾತಾಡಿಸಿ, ಕೊನೆಗೆ ಅವರು ಬೇಸತ್ತು ಹೂಂ ಅಂದರು. ಚಳಿಗಾಲದ ಹೊತ್ತಿಗೆ ಆ ಮನೆಯಲ್ಲಿ ಮಿಷಿನ್ನುಗಳ ಟಕಟಕ ಶುರುವಾಯಿತು. ಹೊಲಿಯಲು ಬಂದ ಹೆಣ್ಣುಮಕ್ಕಳು ಮಧ್ಯಾಹ್ನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಅವರನ್ನು ನೋಡಿ ಮೂಲೆಯ ಹಳೇ ಅಂಗಡಿಯವರು ತಾವೇ ಬಂದು ಬಾಗಿಲು ತೆಗೆದು, ಭೀಮರಾಜನಿಂದ ಮಾಡು ಸರಿ ಮಾಡಿಸಿಕೊಂಡು ಚಹಾ ಅಂಗಡಿ ಹಾಕಿದರು. ಓಣಿಗೆ ಬೀದಿ ದೀಪವೂ ಬಂತು.

ಅಷ್ಟರಲ್ಲಿ ಸಿರುಗುಪ್ಪದಿಂದ ಫೋನು ಬಂತು. "ಬಳ್ಳಾರಿಯವ್ರೊಬ್ರು ಮನಿ ಕೇಳ್ಯಾರ," ಅಂದ ದೊಡ್ಡಬಸವರಾಜ. "ಕೆಡವಿ ಗೋದಾಮು ಕಟ್ತಾರಂತ. ನಾಳೆ ಕರ್‍ಕೊಂಡು ಬರ್ತೀನಿ."

ಅವತ್ತು ಇಬ್ಬರಿಗೂ ಊಟ ಸೇರಲಿಲ್ಲ.

"ಮಂದಿ ಮನಿ. ಮೊದಲ ಗೊತ್ತಿತ್ತಲ್ಲ," ಅಂದಳು ಜಯಶ್ರೀ.

"ಗೊತ್ತಿತ್ತು. ಮಣ್ಣು ಹೊರೂವಾಗ ಮರ್ತಿದ್ದೆ," ಅಂದ ಭೀಮರಾಜ.

ಮರುದಿನ ಕಾರು ಬಂತು. ಬಳ್ಳಾರಿಯ ವ್ಯಾಪಾರಿ ಬಿಳಿ ಬಟ್ಟೆಯವರು, ತೆಲುಗು ಮಾತಿನವರು. ಮನೆ ಸುತ್ತಿ ನೋಡಿ ತಲೆಯಾಡಿಸಿದರು. ಹೊರಗೆ ಬಂದಾಗ ಚನ್ನಬಸಮ್ಮ ಅವರನ್ನು ಹತ್ತಿರ ಕರೆದಳು. "ಆ ಮನೆಯಲ್ಲಿ ಏನಾದರೂ ತೊಂದರೆ ಇದೆಯಾ ಅಮ್ಮಾ?" ಅಂತ ಅವರು ತೆಲುಗಿನಲ್ಲಿ ಕೇಳಿದರು.

"ದೆಯ್ಯಂ ಕಾದು ಬಾಬೂ," ಅಂದಳು ಮುದುಕಿ ಮೆಲ್ಲಗೆ. ದೆವ್ವವಂತೂ ಅಲ್ಲ. "ದೆಯ್ಯಮೈತೇ ಎಪ್ಪುಡೋ ಪೋಯೇದಿ." ದೆವ್ವವಾಗಿದ್ದರೆ ಎಂದೋ ಹೋಗುತ್ತಿತ್ತು.

ವ್ಯಾಪಾರಿ ತಿರುಗಿ ಭೀಮರಾಜನನ್ನು ನೋಡಿದರು. "ನಿಜವೇನಪ್ಪಾ?"

"ಏನೂ ಇಲ್ರೀ, ನಾವ ಅದೀವಲ್ಲ," ಅಂದ ಭೀಮರಾಜ. ಪಾಪ, ಅವನು ನಿಜವನ್ನೇ ಹೇಳಿದ. ಆದರೆ ರಾತ್ರಿಯಿಡೀ ನಿದ್ದೆಯಿಲ್ಲದೆ ಕಣ್ಣು ಒಳಗೆ ಹೋಗಿದ್ದವು, ದನಿ ನಡುಗುತ್ತಿತ್ತು. ಆ ಮುಖ ನೋಡಿದ ಮೇಲೆ ವ್ಯಾಪಾರಿಗೆ ಮತ್ತೇನೂ ಕೇಳಬೇಕೆನಿಸಲಿಲ್ಲ. ದೊಡ್ಡಬಸವರಾಜನನ್ನು ಬಿಟ್ಟೇ ಕಾರು ಹೊರಟಿತು.

ದೊಡ್ಡಬಸವರಾಜ ಸೊಂಟದ ಮೇಲೆ ಕೈಯಿಟ್ಟು ನಿಂತ. "ಅತ್ತೀ, ನಮ್ಮವ್ವ ಬಾಳಿದ ಮನಿಯಾಗ ದೆವ್ವ ಐತಿ ಅಂದೆಲ್ಲ!"

"ಅಲ್ಲ ಅಂದೆ. ಸರಿಯಾಗಿ ಕೇಳಿಸ್ಕೋ."

"ಯಾಕ ಹಿಂಗ ಮಾಡಿದಿ?"

"ಗೋದಾಮಾದ್ರ ಲಾರಿ ಬರ್ತಾವು," ಅಂದಳು ಚನ್ನಬಸಮ್ಮ. "ಲಾರಿ ಜೊತಿ ನಾನೇನು ಮಾತಾಡ್ಲೋ?"

ದೊಡ್ಡಬಸವರಾಜ ಸೊಂಟದ ಮೇಲಿನ ಕೈ ಇಳಿಸಿದ. ಓಣಿಯುದ್ದಕ್ಕೂ ಕಣ್ಣಾಡಿಸಿದ. ಶಾಂಭವಿಯ ಹೆಣ್ಣುಮಕ್ಕಳು ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಿದ್ದರು. ಜಯಶ್ರೀ ಅವನನ್ನು ಊಟಕ್ಕೆ ಕರೆದಳು. ಪಡಸಾಲೆಯಲ್ಲಿ ಕೂತು ರೊಟ್ಟಿ, ಹಿಂಡಿ ಪಲ್ಯ ತಿಂದು, ಕೈ ತೊಳೆದು, ಗೋಡೆಗೊರಗಿ ಬಹಳ ಹೊತ್ತು ತೊಲೆಗಳನ್ನೇ ನೋಡಿದ.

"ನಿಮಗ ಬೇಕೇನು ಈ ಮನಿ?" ಅಂದ ಕೊನೆಗೆ.

ಜಯಶ್ರೀ ಗಂಡನ ಮುಖ ನೋಡಿದಳು. "ಬೇಕ್ರಿ," ಅಂತ ಅವಳೇ ಹೇಳಿದಳು. "ಆದ್ರ ಒಮ್ಮೆಲೆ ಕೊಡಾಕ ನಮ್ಮ ಕೈಲಾಗಂಗಿಲ್ಲ."

"ನಿಧಾನಕ್ಕ ಕೊಡ್ರಿ. ಆ ಮುದುಕಿ ಇರೂತನಕ ಬ್ಯಾರೇವ್ರಿಗೆ ಮಾರಾಕ ನನ್ನ ಕೈಲೂ ಆಗಂಗಿಲ್ಲ."

ನೋಂದಣಿಯ ದಿನ ಚನ್ನಬಸಮ್ಮ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಕಚೇರಿಯ ಮುಂದೆ ಕೂತಿದ್ದಳು. ಸಾಕ್ಷಿಯ ರುಜು ಹಾಕಿದಳು, ಗುಮಾಸ್ತನಿಗೆ ಅವನ ಮೇಜು ಎಲ್ಲಿ ಹಾಕಿದರೆ ಗಾಳಿ ಬರುತ್ತದೆಂದು ತಿಳಿಸಿದಳು. ಎಲ್ಲ ಮುಗಿದಾಗ ಮಧ್ಯಾಹ್ನವಾಗಿತ್ತು. ಪೇಟೆಯಲ್ಲಿ ಊಟ ಮಾಡೋಣ ಅಂದ ದೊಡ್ಡಬಸವರಾಜ. ಭೀಮರಾಜ ಒಪ್ಪಲಿಲ್ಲ. ಓಣಿಯ ತುದಿಯ ಮನೆಗೆ ಆ ದಿನ ಹೊಸ ತೊಲೆ ಏರಿಸುವುದಿತ್ತು, ಎತ್ತಲು ಜನ ಕಡಿಮೆ ಬಿದ್ದಿದ್ದರು. ದೊಡ್ಡಬಸವರಾಜ ತನ್ನ ಇಸ್ತ್ರಿ ಅಂಗಿಯ ತೋಳು ಮಡಚಿಕೊಂಡು ಅವರ ಹಿಂದೆಯೇ ಆಟೋ ಹತ್ತಿದ.