ಕಾರು ನಿಲ್ಲುವವರೆಗೆ

ಲಿನೆಟ್ ಹೋಲ್ರಾಯ್ಡ್‌ಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಬಂದ ಜ್ವರ ಹೋಗುವಾಗ ಅದನ್ನೂ ಕಟ್ಟಿಕೊಂಡು ಹೋಗಿತ್ತು. ಬ್ರೆಡ್ ಸೀದರೆ ಹೊಗೆ ಕಣ್ಣಿಗೆ ಬಿದ್ದ ಮೇಲೆಯೇ ಓಡುತ್ತಿದ್ದಳು. ಹಾಲು ಕೆಟ್ಟಿದೆಯೇ ಎಂದು ತಿಳಿಯಲು ಲೋಟವನ್ನು ಗಂಡ ಕ್ಲಿಫ್‌ನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. ಲೋಕವೆಲ್ಲ ಗಾಜಿನ ಆಚೆಗಿದ್ದಂತೆ, ಕಾಣುತ್ತದೆ, ಆದರೆ ಹತ್ತಿರ ಬರುವುದಿಲ್ಲ.

ಅಂಥವಳು ಸಾಕಿಕೊಂಡದ್ದು ಮೂಗಿನಿಂದಲೇ ಬದುಕುವ ಎರಡು ಮೊಲಗಳನ್ನು. ಬೂದು ಬಣ್ಣದ ಹೆಣ್ಣು ಡಾಟ್. ಶುಂಠಿ ಕೇಕಿನ ಬಣ್ಣದ ಗಂಡು ಪಾರ್ಕಿನ್, ಅವನಿಗೆ ಆ ಕೇಕಿನ ಹೆಸರನ್ನೇ ಇಟ್ಟಿದ್ದರು. ಗುಡ್ಡದ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳ ಸಾಲು ಅದು. ಹಿತ್ತಿಲಿಗೆ ಜಾಗವಿಲ್ಲ. ಹಾಗಾಗಿ ಮುಂದಿನ ಕೋಣೆಯನ್ನೇ ಮೊಲಗಳಿಗೆ ಬಿಟ್ಟುಕೊಟ್ಟು, ಟಿವಿಯನ್ನು ಅಡುಗೆಮನೆಗೆ ಸಾಗಿಸಿದ್ದರು.

ದಿನವೂ ಕತ್ತಲಾಗುವ ಹೊತ್ತಿಗೆ ಲಿನೆಟ್ ಆ ಕೋಣೆಯ ಕಂಬಳಿಯ ಮೇಲೆ ಮಲಗುತ್ತಿದ್ದಳು. ಪಾರ್ಕಿನ್ ಡಾಟಳ ಹಣೆ ನೆಕ್ಕುತ್ತಿದ್ದ. ಡಾಟ್ ಕಣ್ಣು ಅರೆಮುಚ್ಚಿ, ದೇಹವೆಲ್ಲ ಸಡಿಲಬಿಟ್ಟು, ಸುರಿದ ಹಿಟ್ಟಿನ ಹಾಗೆ ನೆಲಕ್ಕೆ ಹರಡಿಕೊಳ್ಳುತ್ತಿದ್ದಳು. ಎರಡರ ಹೊಟ್ಟೆಯೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ಲಿನೆಟ್‌ಳ ಉಸಿರೂ ಅದೇ ಲೆಕ್ಕಕ್ಕೆ ಬರುತ್ತಿತ್ತು. ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಆ ಹೊತ್ತಿನಲ್ಲಿ ಮಾತ್ರ ಗಾಜು ಅಡ್ಡವಿರುತ್ತಿರಲಿಲ್ಲ.

ನವೆಂಬರಿನ ಆರಂಭದಲ್ಲಿ ನಾದಿನಿ ಬೆವ್ ಬಂದಳು. ಜನ ಬಿಟ್ಟುಹೋದ ಮೊಲಗಳನ್ನು ಶೆಡ್ಡಿನಲ್ಲಿಟ್ಟು ಸಾಕಿ, ಜೋಡಿ ಹುಡುಕಿ, ಬೇರೆ ಮನೆಗೆ ಸೇರಿಸುವುದು ಅವಳ ಕೆಲಸ. ಶೆಡ್ಡಿನ ಪಕ್ಕದ ಬಯಲಿನಲ್ಲೇ ಪ್ರತಿ ವರ್ಷ ಐದನೇ ತಾರೀಕಿನ ಹಬ್ಬಕ್ಕೆ ಊರಿನವರು ಬೆಂಕಿ ಹಾಕಿ ಪಟಾಕಿ ಸುಡುತ್ತಾರೆ. ಆ ಸದ್ದಿಗೆ ಎದೆ ಒಡೆದು ಸತ್ತ ಮೊಲಗಳನ್ನು ಬೆವ್ ಕಂಡಿದ್ದಳು. ಸಾರ್ಜೆಂಟ್ ಎಂಬ ಗಂಡು ಮೊಲವನ್ನು ಒಂದು ವಾರ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದಳು. ಬೀಜ ತೆಗೆಸಿ ಇನ್ನೂ ಕೆಲವೇ ದಿನ ಆಗಿದೆ, ಗುರುತು ಹಾಕುವ ಹಳೆಯ ಚಾಳಿ ಹೋಗಿಲ್ಲ, ಹುಷಾರು ಎಂದೂ ಹೇಳಿದಳು.

ಲಿನೆಟ್ ಹಿಂದೆಮುಂದೆ ನೋಡಿದಳು. ಬೆವ್ ಕುರ್ಚಿ ಎಳೆದುಕೊಂಡು ಕೂತು ಕ್ರಮವನ್ನೆಲ್ಲ ಹೇಳಿಕೊಟ್ಟಳು. ಅಡುಗೆಮನೆ ಬಾಗಿಲಿಗೊಂದು ತಂತಿ ಬೇಲಿ, ಮುಂದಿನ ಕೋಣೆಯ ಬಾಗಿಲಿಗೊಂದು, ನಡುವೆ ಓಣಿ ಖಾಲಿ ಇರಬೇಕು, ಮೂಗಿಗೆ ಮೂಗು ತಾಗಬಾರದು. ಆಚೆಗೊಂದು ಪೊರಕೆ, ಈಚೆಗೊಂದು ಪೊರಕೆ. ಚಪ್ಪಲಿಯೂ ಹಾಗೇ. ಮೊದಲು ಜೋಡಿಗೆ ಹುಲ್ಲು, ಆಮೇಲೆ ಅತಿಥಿಗೆ. ಅವನನ್ನು ಮುಟ್ಟಿದರೆ ಕೈ ತೊಳೆದೇ ಈಚೆ ಬರಬೇಕು. ಏನೇ ಆದರೂ ಜೋಡಿಯನ್ನು ಅಗಲಿಸಬಾರದು, ಒಂದಕ್ಕೆ ಕಾಯಿಲೆಯಾದರೆ ಎರಡನ್ನೂ ಡಾಕ್ಟರ ಹತ್ತಿರ ಒಯ್ಯಬೇಕು.

"ಮೊಲಕ್ಕೆ ಮುಖ ಅಂದ್ರೆ ವಾಸನೇನೇ ಕಣೇ, ಲಿನ್. ಅದು ಬದಲಾಯ್ತೋ, ಕಟ್ಟಿಕೊಂಡವಳೂ ಬೀದಿಯವಳಾಗ್ತಾಳೆ," ಎಂದಳು ಬೆವ್.

"ನಂಗೆ ಇರೋದು ಒಂದೇ ಜೊತೆ ಚಪ್ಪಲಿ," ಎಂದ ಕ್ಲಿಫ್. "ಈ ಮನೇಲಿ ಮೊಲದ ಓಣಿಗೇ ಎರಡು ಜೊತೆ."

ಸಾರ್ಜೆಂಟ್ ಅಡುಗೆಮನೆಗೆ ಬಂದ ಮೊದಲ ದಿನ ಪಾರ್ಕಿನ್ ಹಿಂಗಾಲಿನಿಂದ ನೆಲ ಗುದ್ದಿದ. ಡಾಟ್ ಹುಲ್ಲು ಬಿಟ್ಟಳು. ಲಿನೆಟ್ ಬೇಲಿಗಳಿಗೆ ಹಳೆಯ ಹಾಸುಬಟ್ಟೆ ಕಟ್ಟಿದಳು, ರೇಡಿಯೋವನ್ನು ಮೆಲ್ಲಗೆ ಹಾಕಿಟ್ಟಳು, ಅಡಗಿಕೊಳ್ಳಲು ಎರಡು ಬಾಯಿಯ ಪೆಟ್ಟಿಗೆ ಇಟ್ಟಳು. ಒಂದೇ ಬಾಯಿ ಇದ್ದರೆ ಒಳಗಿದ್ದದ್ದು ಸಿಕ್ಕಿಬಿದ್ದೆ ಎಂದುಕೊಳ್ಳುತ್ತದೆ. ಗುದ್ದು ನಿಂತಿತು. ಪಾರ್ಕಿನ್ ಮತ್ತೆ ಹಣೆ ನೆಕ್ಕಿದ. ಲಿನೆಟ್‌ಗೆ ಒಳಗೊಳಗೇ ಹೆಮ್ಮೆ ಎನ್ನಿಸಿತು.

ಐದನೇ ತಾರೀಕಿನ ಸಂಜೆ ಕ್ಲಿಫ್ ಬಸ್ ಡ್ಯೂಟಿಗೆ ಹೋಗಿದ್ದ. ಪಟಾಕಿ ಶುರುವಾದಾಗ ಸಾರ್ಜೆಂಟ್ ಅಡುಗೆಮನೆಯ ಗೋಡೆಗೆ ಹಾರಿ ಹಾರಿ ಬಡಿದುಕೊಂಡ. ಲಿನೆಟ್ ಅವನನ್ನು ಎತ್ತಿ ಸ್ವೆಟರಿನ ತೋಳಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವನ ನಡುಕ ನಿಂತ ಮೇಲೆ ಬೇಲಿಯೊಳಗೆ ಬಿಟ್ಟು, ಕೈ ತೊಳೆದಳು, ಚಪ್ಪಲಿ ಬದಲಿಸಿದಳು. ಸ್ವೆಟರಿನ ತೋಳು ಒದ್ದೆಯಿತ್ತು. ನಲ್ಲಿಯ ನೀರು ಎಂದುಕೊಂಡಳು.

ಮುಂದಿನ ಕೋಣೆಯಲ್ಲಿ ಜೋಡಿಯೂ ಕಿವಿ ಹಿಂದಕ್ಕೆ ಒತ್ತಿ ಕೂತಿತ್ತು. ಲಿನೆಟ್ ಕಂಬಳಿಯ ಮೇಲೆ ಒರಗಿದಳು. ಡಾಟ್ ತೆವಳಿಕೊಂಡು ಬಂದು ಅವಳ ಅದೇ ತೋಳಿನ ಕೆಳಗೆ ತಲೆ ತೂರಿಸಿ, ಅಲ್ಲೇ ಉಳಿದಳು. ಕಿಟಕಿಯ ಪರದೆಯ ಮೇಲೆ ಹಸಿರು, ಕೆಂಪು, ಮತ್ತೆ ಹಸಿರು. ಸದ್ದುಗಳು ನೀರಿನಡಿಯಿಂದ ಕೇಳಿದಂತೆ ದೂರವಾದವು. ಲಿನೆಟ್ ತಾನೂ ನೀರಿನಡಿಯಲ್ಲಿದ್ದಳು. ಬೂದು ಬಣ್ಣದ ಮೆತ್ತನೆಯ ಹುಲ್ಲು ಮುಖ ಸವರುತ್ತಿತ್ತು. ಅದಕ್ಕೊಂದು ಪರಿಮಳವಿತ್ತು. ಇದು ಪರಿಮಳ, ಇದು ನನಗೆ ಗೊತ್ತು ಎಂದು ಕನಸಿನಲ್ಲೇ ಹೇಳಿಕೊಂಡಳು.

ಎಚ್ಚರಿಸಿದ್ದು ಕಿರುಚಾಟ. ಮೊಲ ಕಿರುಚುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಡಾಟ್ ತೋಳಿನಿಂದ ಎದ್ದು ಪಾರ್ಕಿನ್ ಬಳಿಗೆ ಹೋಗಿದ್ದಳು. ಕೋಣೆಯ ತುಂಬ ಕೂದಲಿನ ಉಂಡೆಗಳು ತೇಲುತ್ತಿದ್ದವು. ಎರಡೂ ಒಂದೇ ಚೆಂಡಾಗಿ ಉರುಳುತ್ತಿದ್ದವು. ಲಿನೆಟ್ ನಡುವೆ ಕೈ ಹಾಕಿ ಬಿಡಿಸುವಷ್ಟರಲ್ಲಿ ಡಾಟಳ ಎಡಗಿವಿಯ ತುದಿ ಹರಿದಿತ್ತು.

ಡ್ಯೂಟಿ ಮುಗಿಸಿ ಬಂದ ಕ್ಲಿಫ್ ಹೊಸ್ತಿಲಲ್ಲೇ ನಿಂತು ಮೂಗು ಎಳೆದ.

"ಏನಿದು, ಗಂಡುಬೆಕ್ಕು ಉಚ್ಚೆ ಹೊಯ್ದಂಗೆ ನಾರ್ತಾ ಇದೆ?" ಎಂದು ಒಂದೊಂದೇ ಹೆಜ್ಜೆ ಮೂಸುತ್ತ ಬಂದು ಅವಳೆದುರು ನಿಂತ. "ನಿನ್ ತೋಳೇ ಕಣೇ, ಲಿನ್."

ಕಿವಿಯ ತುದಿಯನ್ನು ಡಾಕ್ಟರು ಕತ್ತರಿಸಿ ಹೊಲಿದರು. ಮರುದಿನ ಸಾರ್ಜೆಂಟ್ ಶೆಡ್ಡಿಗೆ ಮರಳಿದ. ಆದರೆ ಅವನು ಹೋದರೂ ಜಗಳ ಹೋಗಲಿಲ್ಲ. ಡಾಟಳ ಮೈಯಲ್ಲಿ ಮದ್ದಿನ ವಾಸನೆ, ಹೊಲಿಗೆಯ ವಾಸನೆ. ಅವಳಿಗೂ ಈಗ ಪಾರ್ಕಿನ್ ಎಂದರೆ ಕಚ್ಚುವವನು. ಬಚ್ಚಲಿನ ತೊಟ್ಟಿಯಲ್ಲಿ ಜೊತೆಗೆ ಬಿಟ್ಟು ನೋಡಿದರು, ಎರಡರ ಹಣೆಗೂ ಬಾಳೆಹಣ್ಣು ಸವರಿ ನೋಡಿದರು. ಹಣ್ಣು ನೆಕ್ಕುವ ಮೊದಲೇ ಹಲ್ಲು ಕಾಣುತ್ತಿತ್ತು.

ಉಳಿದದ್ದು ಮೊಲ ಸಾಕುವವರ ಹಳೆಯ ಉಪಾಯ. ಎರಡನ್ನೂ ಒಂದೇ ಬುಟ್ಟಿಯಲ್ಲಿಟ್ಟು ಕಾರಿನಲ್ಲಿ ಸುತ್ತಾಡಿಸುವುದು. ಹೆದರಿಕೆಯಲ್ಲಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಹಿಡಿದುಕೊಂಡದ್ದು ಅಭ್ಯಾಸವಾಗುತ್ತದೆ ಎನ್ನುತ್ತಾರೆ. ರಜೆಯ ದಿನ ಮಧ್ಯಾಹ್ನ ಕ್ಲಿಫ್ ಸ್ಟಿಯರಿಂಗ್ ಹಿಡಿದ. ಲಿನೆಟ್ ಹಿಂದಿನ ಸೀಟಿನಲ್ಲಿ ಬಟ್ಟೆ ಬುಟ್ಟಿಯ ಪಕ್ಕ ಕೂತಳು.

"ನನ್ ಬಸ್ಸಲ್ಲಿ ಕಿತ್ತಾಡೋರ್ನೂ ಹಿಂಗೇ ಬುಟ್ಟಿಗೆ ಹಾಕ್ಬೇಕು," ಎಂದ ಅವನು.

ಕಾರು ಬೋಳುಗುಡ್ಡ ಹತ್ತುತ್ತಿದ್ದಂತೆ ಮಂಜು ಬಂತು. ಕಲ್ಲುಗೋಡೆಗಳು ಕರಗಿದವು, ಕುರಿಗಳು ಕರಗಿದವು, ಕೆರೆಯ ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ. ಬುಟ್ಟಿಯಲ್ಲಿ ಪಾರ್ಕಿನ್ ಡಾಟಳ ಕುತ್ತಿಗೆಯಡಿ ಮುಖ ಹುದುಗಿಸಿದ್ದ. ಎರಡು ಹೊಟ್ಟೆಗಳೂ ಒಟ್ಟಿಗೆ ಏರಿಳಿಯುತ್ತಿದ್ದವು. ಈ ದಾರಿ ಹೀಗೇ ಎಲ್ಲೂ ಸೇರದೆ ಹೋಗುತ್ತಿದ್ದರೆ ಸಾಕಿತ್ತು.

ಮನೆಯ ಮುಂದೆ ಎಂಜಿನ್ ನಿಂತಿತು. ಬುಟ್ಟಿಯೊಳಗೆ ಗುರುಗುಟ್ಟುವ ಸದ್ದು ಎದ್ದಿತು. ಲಿನೆಟ್ ನಡುವೆ ಕೈ ಇಟ್ಟಳು, ಹಲ್ಲು ಕೈಗೇ ನಾಟಿತು.

ಆಮೇಲಿನ ರಜೆಗಳಲ್ಲೂ ಹೋದರು. ಪ್ರತಿ ಸಲವೂ ಗುಡ್ಡದ ಮೇಲೆ ಸ್ವರ್ಗ, ಮನೆ ಬಾಗಿಲಲ್ಲಿ ರಕ್ತ. ಕೊನೆಯ ಸಲ ಲಿನೆಟ್ ಬುಟ್ಟಿಯೊಳಗೆ ಬೆರಳಿಟ್ಟು ಡಾಟಳ ಎದೆ ಮುಟ್ಟಿ ನೋಡಿದಳು. ನಿದ್ದೆಯ ಬಡಿತವಲ್ಲ ಅದು, ಓಡಿಹೋಗಲು ಜಾಗ ಸಿಗದವರ ಬಡಿತ. ಸುತ್ತಾಟದುದ್ದಕ್ಕೂ ಅದು ಹಾಗೇ ಬಡಿದುಕೊಂಡಿತ್ತು. ತಾನು ನೋಡಿ ಸುಖಪಟ್ಟದ್ದು ಇದನ್ನು.

ಊರು ಕಾಣುವ ತಿರುವಿನಲ್ಲಿ ಕ್ಲಿಫ್ ಕನ್ನಡಿಯಲ್ಲಿ ಅವಳ ಮುಖ ನೋಡಿದ. "ಇನ್ನೊಂದು ಸುತ್ತು ಹೊಡೀಲಾ?"

"ಬೇಡ," ಎಂದಳು ಲಿನೆಟ್. "ಬೆವ್ ಶೆಡ್ ಕಡೆ ತಿರುಗಿಸು."

ಯಾರನ್ನು ಇಲ್ಲಿ ಬಿಟ್ಟುಹೋಗುವುದು ಎಂದು ಬೆವ್ ಕೇಳಿದಳು. ಡಾಟಳ ಕಿವಿಗೆ ಇನ್ನೂ ಮದ್ದು ಹಚ್ಚಬೇಕಿತ್ತು. ಹಾಗಾಗಿ ಪಾರ್ಕಿನ್ ಎಂದಳು ಲಿನೆಟ್. ಅವನಿಗೆ ಕುಂಟುವ ಒಂದು ಹೆಣ್ಣು ಮೊಲ ಸಿಕ್ಕಿತು, ಕ್ರಿಸ್‌ಮಸ್ ಹೊತ್ತಿಗೆ ಅವನು ಅದರ ಹಣೆ ನೆಕ್ಕತೊಡಗಿದನೆಂದು ಬೆವ್ ಫೋನಿನಲ್ಲಿ ಹೇಳಿದಳು. ಲಿನೆಟ್ ಒಳ್ಳೆಯದಾಯಿತು ಎಂದಳು. ಡಾಟ್ ಹುಲ್ಲು ತಿನ್ನುತ್ತಾಳೆ, ಆದರೆ ಕಂಬಳಿಯ ಹತ್ತಿರ ಬರುವುದಿಲ್ಲ.

ಹೋದದ್ದು ಇಷ್ಟು: ಒಂದು ಕಿವಿಯ ತುದಿ, ಒಂದು ಗಂಡು ಮೊಲ, ಒಂದು ಜೋಡಿ.