ಮೊದಲು ಬೆಲ್ಲ, ಆಮೇಲೆ ಗಂಟೆ

ಮಂಚದ ಕೆಳಗಿನ ಟ್ರಂಕನ್ನು ಶೀನಣ್ಣ ಅರ್ಧ ಎಳೆಯುವಷ್ಟರಲ್ಲಿ ಕರೆಂಟು ಹೋಯಿತು.

"ಬಾಗಿಲ ಹಿಂದಿನ ಮೊಳೇಲಿ ಟಾರ್ಚಿದೆ, ಮಾವ," ಎಂದಳು ರಮ್ಯಾ.

ಟಾರ್ಚು ಒಂದೇ ಸಲಕ್ಕೆ ಹತ್ತಿಕೊಂಡಿತು. ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಬಿಳಿಬಟ್ಟೆಯ ಗಂಟು. ಬಿಚ್ಚಿದರೆ ಕಾಶಿಯಿಂದ ತಂದ ಗಂಗೆಯ ಪುಟ್ಟ ತಂಬಿಗೆ, ಹೊಸ ಸೀರೆ, ಕರ್ಪೂರ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಬೆಂಕಿಪೊಟ್ಟಣ.

"ನಮ್ಮಕ್ಕ ಸಾಯೋದಕ್ಕೂ ಯಾರನ್ನೂ ಅಂಗಡಿಗೆ ಓಡಿಸ್ಲಿಲ್ಲ ನೋಡಿ," ಎನ್ನುತ್ತ ಶೀನಣ್ಣ ಗಂಟನ್ನು ಹಜಾರಕ್ಕೆ ತಂದ.

ಹಜಾರದಲ್ಲಿ ಸುಂದರಮ್ಮ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದರು. ಮಗ, ರಮ್ಯಾಳ ಗಂಡ ರಾಘವ, ಗೋಡೆಗೊರಗಿ ಕೂತಿದ್ದ. ಪಕ್ಕದ ಮನೆಯ ಹನುಮಕ್ಕ ಮೂಗೊರೆಸಿಕೊಂಡರು.

"ನಲ್ಲಿ ನಿಂತುಹೋದ್ರೆ ಬೀದಿಗೆ ಬೀದೀನೇ ಇವರ ಡ್ರಮ್ಮಿಗೆ ಬರ್ತಿತ್ತು. ಬೈಕೊಂಡು ಬೈಕೊಂಡೇ ಕೊಡೋರು. ಒಂದಿನ ಹೇಳ್ದೆ, ಪ್ರಳಯ ಬಂದ್ರೆ ಚಾಮರಾಜಪೇಟೇಲಿ ಉಳಿಯೋದು ನಿಮ್ಮನೆ ಒಂದೇ ಕಣ್ರೀ ಅಂತ."

"ಅದಕ್ಕೇನಂದ್ಳು?" ಎಂದ ಶೀನಣ್ಣ.

"'ನಿಮಗೂ ಒಂದು ಚಾಪೆ ತೆಗೆದಿಟ್ಟಿದೀನಿ, ಬನ್ನಿ' ಅಂದ್ರು!"

ಸಾವಿನ ಮನೆಯಲ್ಲಿ ನಗಬಾರದೆಂದು ಎಲ್ಲರೂ ತುಟಿ ಕಚ್ಚಿಕೊಂಡರು. ಹನುಮಕ್ಕ ರಮ್ಯಾಳ ಬೆನ್ನು ಸವರಿದರು. "ನಿದ್ದೇಲೇ ಹೋದ್ರಂತಲ್ಲಮ್ಮ. ಪುಣ್ಯವಂತೆ."

"ಹೂಂ," ಎಂದಳು ರಮ್ಯಾ. ನಿನ್ನೆ ಸಂಜೆ ಮೊದಲು ಗಂಡನಿಗೆ ಹಾಗೆ ಹೇಳಿದ್ದಳು. ಆಮೇಲೆ ಬಂದವರಿಗೆಲ್ಲ. ಒಬ್ಬೊಬ್ಬರಿಗೆ ಹೇಳಿದ ಹಾಗೆಲ್ಲ ಆ ಮಾತನ್ನು ವಾಪಸು ತೆಗೆದುಕೊಳ್ಳುವ ದಾರಿ ಮುಚ್ಚುತ್ತಾ ಬಂದಿತ್ತು.

*

ಹಳೆಯ ವಠಾರದಲ್ಲಿ ಸುಂದರಮ್ಮನ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಕೂಗಿದ್ದರಂತೆ. ಒರಳಿನ ಸದ್ದಿನಲ್ಲಿ ಸೊಸೆಗೆ ಕೇಳಿಸಿರಲಿಲ್ಲ. ಅದನ್ನು ಸುಂದರಮ್ಮ ರಮ್ಯಾಳಿಗೆ ಒಂದೇ ಸಲ ಹೇಳಿದ್ದು. ಮೊಣಕಾಲು ಸೋತು ಮಂಚ ಹಿಡಿದಾಗ ಹಿತ್ತಾಳೆ ಗಂಟೆಯೊಂದನ್ನು ತರಿಸಿ ಸ್ಟೂಲಿನ ಮೇಲೆ ಇಟ್ಟುಕೊಂಡರು.

ಗಂಟೆಗೆ ಆಗಾಗ ಪರೀಕ್ಷೆ ಇರುತ್ತಿತ್ತು. ಮೊದಲ ಸಲ ರಮ್ಯಾ ಹಿಟ್ಟಿನ ಕೈಯಲ್ಲೇ ಎದ್ದುಬಿದ್ದು ಓಡಿಬಂದಿದ್ದಳು.

"ಪರೀಕ್ಷೆ ಕಣೇ. ಪಾಸು! ತಗೋ," ಎಂದು ಅತ್ತೆ ತಟ್ಟೆಯಲ್ಲಿದ್ದ ಬೆಲ್ಲದ ಚೂರು ಕೊಟ್ಟರು. ಇರುವೆಗೆ ಹೆದರಿ ಬೆಲ್ಲದ ಡಬ್ಬಿಯ ಮುಚ್ಚಳವನ್ನು ಅವರು ಬಿಗಿಯಾಗಿ ತಿರುಗಿಸಿಡುತ್ತಿದ್ದರು. ಸಂಧಿವಾತದ ಬೆರಳಲ್ಲಿ ಅದನ್ನು ತೆಗೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಹಾಗಾಗಿ ಮೊದಲು ಬೆಲ್ಲ ತೆಗೆದು ತಟ್ಟೆಯಲ್ಲಿಟ್ಟು, ಆಮೇಲೆ ಗಂಟೆ. "ಬಂದವರನ್ನ ಕಾಯಿಸಬಾರದು," ಎನ್ನುವರು.

ವರ್ಷ ಕಳೆದಂತೆ ರಮ್ಯಾ ಓಡುವುದು ನಡೆಯುವುದಾಯಿತು. ನಡೆಯುವುದು ಕೂಗುವುದಾಯಿತು.

ನಿನ್ನೆ ಮಧ್ಯಾಹ್ನ ಬಾಣಲೆಯಲ್ಲಿ ಸಂಡಿಗೆ ಅರಳುತ್ತಿದ್ದಾಗ ಗಂಟೆ ಬಾರಿಸಿತು.

"ಬಂದೆ ಅತ್ತೆ!"

ಇನ್ನೊಂದು ಸಲ ಬಾರಿಸಲಿಲ್ಲ. ಸಂಡಿಗೆ ಮುಗಿಯಿತು. ಅಕ್ಕನ ಫೋನು ಬಂತು. ಕಾಫಿ ಹಿಡಿದು ಹೋದಾಗ ಅತ್ತೆಯ ಕೈ ಮಂಚದಿಂದಾಚೆ ಜೋತುಬಿದ್ದಿತ್ತು. ಗಂಟೆ ನೆಲದ ಮೇಲಿತ್ತು. ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ರಮ್ಯಾ ಸ್ಟೂಲಿನ ಮೇಲೆ ಇಟ್ಟಳು. ಆಮೇಲೆ ರಾಘವನಿಗೆ ಫೋನು ಮಾಡಿದಳು.

ಪರೀಕ್ಷೆಯೇ ಇದ್ದಿರಬೇಕು. ಪರೀಕ್ಷೆ ಮುಗಿಸಿ ಮಲಗಿದವರು ಹಾಗೇ ಹೋಗಿರಬೇಕು. ರಾತ್ರಿಯಿಡೀ ಅವಳು ಅದೊಂದನ್ನೇ ಹಿಡಿದುಕೊಂಡಿದ್ದಳು.

*

ಗಂಡಸರು ಹೊರಟುಹೋದರು. ಸುಂದರಮ್ಮ ಮಲಗಿದ್ದ ಜಾಗದಲ್ಲಿ ದೀಪವಿಟ್ಟು, ಹೆಂಗಸರು ಮನೆ ತೊಳೆಯಲು ನಿಂತರು. ರಮ್ಯಾ ಬಚ್ಚಲಲ್ಲಿ ಬಕೆಟ್ಟಿಗೆ ನೀರು ತುಂಬುತ್ತಿದ್ದಳು.

ಗಂಟೆ ಬಾರಿಸಿತು.

ಬಕೆಟ್ಟು ಉರುಳಿತು. ಸೀರೆ ಎತ್ತಿಕಟ್ಟಿದ್ದಂತೆಯೇ ಅವಳು ಓಡಿದಳು. ಅತ್ತೆಯ ಕೋಣೆಯ ಹೊಸ್ತಿಲು ದಾಟಿ, ಮಂಚದ ಅಂಚು ಹಿಡಿದು ನಿಂತಳು.

"ಏನಿಲ್ಲ ಕಣಮ್ಮ, ಗಾಬರಿ ಆಗ್ಬೇಡ," ಎಂದರು ಹನುಮಕ್ಕ. "ಸ್ಟೂಲು ಈಚೆಗಿಡ್ತಿದ್ದೆ, ಕೈ ತಾಗ್ತು. ಈ ಡಬ್ಬೀಲೇನಿದೆ? ಮುಚ್ಚಳಾನೇ ಬರ್ತಿಲ್ವಲ್ಲ."

ರಮ್ಯಾ ಡಬ್ಬಿಯನ್ನು ತೆಗೆದುಕೊಂಡಳು. ಸೆರಗು ಸುತ್ತಿ ತಿರುಗಿಸಿದರೂ ಅದು ಜಗ್ಗಲಿಲ್ಲ. ಸ್ಟೂಲಿನ ಮೇಲೆ ತಟ್ಟೆ ಬೋರಲಾಗಿತ್ತು. ಎತ್ತಿ ನೋಡಿದಳು. ತೊಳೆದಿಟ್ಟ ಹಾಗೆಯೇ ಇತ್ತು, ಬೆಲ್ಲದ ಒಂದು ಪುಡಿಯೂ ಇರಲಿಲ್ಲ.

"ಎಷ್ಟು ಜೋಪಾನ ನೋಡು," ಎಂದರು ಹನುಮಕ್ಕ.

ಅಷ್ಟರಲ್ಲಿ ಕರೆಂಟು ಬಂದು ಫ್ಯಾನು ತಿರುಗಿತು. ರಮ್ಯಾ ಡಬ್ಬಿಯನ್ನು ಎದೆಗವಚಿಕೊಂಡು ಬಾಗಿಲತ್ತ ತಿರುಗಿದಳು. ಕೆಂಪು ನೆಲದ ಮೇಲೆ, ಬಚ್ಚಲಿನಿಂದ ಹೊರಟು, ಅಡುಗೆಮನೆಯ ಬಾಗಿಲನ್ನು ಹಾದು, ಅವಳ ಒದ್ದೆ ಹೆಜ್ಜೆಗಳು ಮಂಚದವರೆಗೆ ಬಂದು ನಿಂತಿದ್ದವು. ಅಡುಗೆಮನೆಯಿಂದ ಈಚೆಗೆ ಇದ್ದದ್ದು ಕೆಲವೇ ಕೆಲವು. ಫ್ಯಾನಿನ ಗಾಳಿಗೆ ಅವು ಒಂದೊಂದಾಗಿ ಆರತೊಡಗಿದವು.